ಎರಡು ಪಾಲಾದ ಅಜ್ಜಿ

ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ತೇಗದ ಪೆಟ್ಟಿಗೆಯಂಥ ಹಳೇ ಕ್ಯಾಮೆರಾ ಒಂದಿದೆ, ಮುತ್ತಜ್ಜನ ಕಾಲದ್ದು. ಮುಂದೆ ಎರಡು ಲೆನ್ಸು. ಒಂದೇ ಸಲಕ್ಕೆ ಎರಡು ಚಿತ್ರ ಹಿಡಿಯುತ್ತದೆ. ಎರಡನ್ನೂ ಒಂದೇ ರಟ್ಟಿಗೆ ಅಕ್ಕಪಕ್ಕ ಅಂಟಿಸಿ ಜೋಡಿಗಾಜಿನ ಪೆಟ್ಟಿಗೆಯಲ್ಲಿ ನೋಡಿದರೆ ಚಿತ್ರದಲ್ಲಿರುವವರು ಎದ್ದು ಮುಂದೆ ಬಂದಂತೆ ಕಾಣುತ್ತಾರೆ. ಅಜ್ಜ ಅದರಲ್ಲಿ ಅಜ್ಜಿಯ ಫೋಟೊ ತೆಗೆದಿದ್ದರು. ಚಿಕ್ಕಪ್ಪ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡ ಅಜ್ಜಿಯದು ಅಂತ ಉಳಿದದ್ದು ಅದೊಂದೇ.

ಅಪ್ಪ, ಚಿಕ್ಕಪ್ಪ ಬೇರೆಯಾದಾಗ ಹಿರಿಯರು ಕ್ಯಾಮೆರಾ ಅಪ್ಪನಿಗೆ, ನೋಡುವ ಪೆಟ್ಟಿಗೆ ಚಿಕ್ಕಪ್ಪನಿಗೆ ಎಂದರು. "ಫೋಟೊ ಎರಡೂ ಒಂದೇ ಥರ ಇದ್ಯಲ್ಲ, ಒಬ್ಬೊಬ್ರಿಗೆ ಒಂದೊಂದು" ಎಂದು ಕತ್ತರಿ ಹಾಕಿಯೂ ಬಿಟ್ಟರು. ಎರಡೂ ಮನೆಯವರು ಫ್ರೇಮು ಕಟ್ಟಿಸಿ, ವಿಭೂತಿ ಹಚ್ಚಿ, ಹಾರ ಹಾಕಿದೆವು. ಮೂವತ್ತು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಕಳೆದ ವರ್ಷ ಅಪ್ಪನ ಎಡಗಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ಆ ಫೋಟೊ ಎದ್ದು ಕಾಣಲು ಎರಡೂ ಕಣ್ಣು ಬೇಕು. "ಕಣ್ಣು ಹೋಗೋದ್ರೊಳಗೆ ಅಮ್ಮನ್ನ ಒಂದ್ಸಲ ನೋಡ್ಬೇಕು" ಎಂದು ಅಪ್ಪ ಹಟ ಹಿಡಿದರು. ಆದರೆ ತಮ್ಮನಿಗೆ ಫೋನ್ ಮಾಡಲೊಲ್ಲರು. ನಾನೇ ಮಾಡಿದೆ. "ಅವನೇ ಬಂದು ಕೇಳ್ಲಿ" ಎಂದರು ಚಿಕ್ಕಪ್ಪ. ಈ ಇಬ್ಬರು ಮುದುಕರ ಬಿಗುಮಾನದಲ್ಲಿ ಎರಡು ತಿಂಗಳು ಹಾಳಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ದಿನಾ ಬೆಳಿಗ್ಗೆ ಅಪ್ಪ ಬಲಗಣ್ಣು ಮುಚ್ಚಿಕೊಂಡು ಕ್ಯಾಲೆಂಡರ್ ನೋಡುತ್ತಿದ್ದರು. ಏನು ಕಾಣಿಸಿತು ಎಂದು ಕೇಳಲು ಹೆದರಿಕೆ.

ಒಂದು ಭಾನುವಾರ ಅಪ್ಪನನ್ನು ಆಟೊದಲ್ಲಿ ಕೂರಿಸಿಕೊಂಡು ತ್ಯಾಗರಾಜನಗರಕ್ಕೆ ಹೊರಟೇಬಿಟ್ಟೆ. ಅವರ ತೊಡೆಯ ಮೇಲೆ ಅರ್ಧ ಅಜ್ಜಿ. ಚಿಕ್ಕಪ್ಪ ಬಾಗಿಲಲ್ಲೇ ನಿಂತರು, ಬಾ ಎನ್ನಲಿಲ್ಲ. ಅಪ್ಪನೂ ಮೆಟ್ಟಿಲು ಹತ್ತಲಿಲ್ಲ. ಈಗ ಯಾರಾದರೊಬ್ಬರು ಹಳೇದು ಎತ್ತಿದರೆ ಮುಗಿಯಿತು ಅಂದುಕೊಂಡೆ. ಕೊನೆಗೆ ಅಪ್ಪ ತಲೆ ತಗ್ಗಿಸಿ, "ಅಮ್ಮನ್ನ ನೋಡ್ಬೇಕು ಕಣೋ" ಎಂದರು.

ಚಿಕ್ಕಪ್ಪ ಒಳಗೆ ಕರೆದೊಯ್ದು, ಫ್ರೇಮುಗಳನ್ನು ಬಿಚ್ಚಿ, ಎರಡೂ ಚೂರನ್ನು ಪೆಟ್ಟಿಗೆಯಲ್ಲಿ ಜೋಡಿಸಿದರು. ಅಪ್ಪ ತುಂಬ ಹೊತ್ತು ನೋಡಿದರು. ಆಮೇಲೆ ಪೆಟ್ಟಿಗೆಯನ್ನು ತಮ್ಮನ ಕೈಗಿಟ್ಟು, "ನೋಡೋ, ಹೆಂಗೆ ಎದ್ದು ಬಂದಿದಾಳೆ" ಎಂದರು. ಚಿಕ್ಕಪ್ಪ ನೋಡಿದರು. ನೋಡುತ್ತ ನೋಡುತ್ತ ಒಂದು ಕೈ ಮುಂದೆ ಚಾಚಿ ಗಾಳಿಯಲ್ಲಿ ಸವರಿದರು. "ಅಣ್ಣಾ" ಎಂದರು, ಅಷ್ಟೇ.

ವಾಪಸ್ ಬರುವಾಗ ಆಟೊದಲ್ಲಿ, "ಸರಿಯಾಗಿ ಕಾಣಿಸ್ತಾ ಅಪ್ಪಾ?" ಎಂದೆ.

"ಇಲ್ಲ ಕಣೆ. ಗೋಡೇಲಿ ನೇತಾಕಿರೋ ಥರಾನೇ ಕಂಡ್ಳು." ಅಪ್ಪ ರಸ್ತೆಯ ಕಡೆ ಮುಖ ಮಾಡಿದರು. "ಅವನು ಚಿಕ್ಕೋನು, ಒಡೆದುಹಾಕ್ತಾನೆ ಅಂತ ಆ ಪೆಟ್ಟಿಗೇನ ಮನೇಲಿ ಅವನ ಕೈಗೇ ಕೊಡ್ತಿರ್ಲಿಲ್ಲ. ಅಮ್ಮ ಹಂಗೆ ಕಾಣ್ತಾಳೆ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ. ನಂಗೆ ಗೊತ್ತಿತ್ತು. ಕತ್ತರಿ ಹಾಕೋವಾಗ ಪಕ್ಕದಲ್ಲೇ ಇದ್ದೆ. ಅವನಿಗೆ ಸಿಗಬಾರ್ದು ಅಂತ ಸುಮ್ನಿದ್ದೆ."