ಪೆಡಲಿಗೆ ಹೇಳಿದ ಮಾತು

ಬ್ರೇಕ್ ಲೈಟು ಪರೀಕ್ಷೆ ಮಾಡುವುದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ದೀಪ ನೋಡಬೇಕು. ಕಾರು ಮಾಡಿದ ಪುಣ್ಯಾತ್ಮನಿಗೆ ಒಂಟಿ ಮನುಷ್ಯರ ನೆನಪೇ ಬಂದಿರಲಿಕ್ಕಿಲ್ಲ. ಹಾಗಾಗಿ ಫ್ಯೂಸಣ್ಣ ಸೀಟಿಗೂ ಪೆಡಲಿಗೂ ನಡುವೆ ಮುರಿದ ಪೊರಕೆಯ ಹಿಡಿ ಸಿಕ್ಕಿಸಿ ಹಿಂದಕ್ಕೆ ಓಡುತ್ತಿದ್ದ. ಹಿಡಿ ಜಾರಿದರೆ ಮತ್ತೆ ಮುಂದಕ್ಕೆ ಓಡುತ್ತಿದ್ದ. ಎದುರಿನ ಟೈರ್ ಅಂಗಡಿಯವನು ಗಾಳಿ ಕಂಪ್ರೆಸರ್ ಆರಿಸಿ, "ನಿಂಗೆ ವಾಕಿಂಗ್ ಎಲ್ಲ ಇಲ್ಲೇ ಆಗೋಯ್ತಲ್ಲಣ್ಣ" ಎಂದು ಕಿಚಾಯಿಸುತ್ತಿದ್ದ.

ಫ್ಯೂಸಣ್ಣ ಎಂಬ ಹೆಸರು ಕಾರಿನ ವೈರು ಫ್ಯೂಸು ನೋಡುವ ಕೆಲಸದಿಂದಷ್ಟೇ ಬಂದದ್ದಲ್ಲ. ಒಂದು ಕಾಲಕ್ಕೆ ಅವನ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಮಾತಾಡಿಸಿದರೆ ಸಾಕು, ಫ್ಯೂಸ್ ಹೋಗುತ್ತಿತ್ತು. ಆಗ ತಮ್ಮನೂ ಜೊತೆಗಿದ್ದ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿ, ಕೆಲಸ ಕಲಿಸಿ, ದೊಡ್ಡವನನ್ನಾಗಿ ಮಾಡಿದವನು ಈ ಅಣ್ಣನೇ. ತಮ್ಮ ಕಾರಿನೊಳಗೆ, ಅಣ್ಣ ಹಿಂದೆ. "ಒತ್ತು." "ಬಿಡು." ದಿನವಿಡೀ ಅವರಿಬ್ಬರ ಮಾತುಕತೆಯೆಂದರೆ ಬಹುಪಾಲು ಇಷ್ಟೇ.

ಒಂದು ಮಧ್ಯಾಹ್ನ ತಮ್ಮ ಕೈ ತೊಳೆದು, ಟೆಸ್ಟರನ್ನು ಕಪಾಟಿನಲ್ಲಿಟ್ಟು ಹೊರಗೆ ಹೋದ. ಟೀ ಕುಡಿಯಲು ಹೋಗಿರಬೇಕು ಅಂದುಕೊಂಡ ಅಣ್ಣ. ಸಂಜೆ ಮನೆಗೆ ಹೋಗಿ ನೋಡಿದರೆ ಗೂಟದ ಮೇಲೆ ತಮ್ಮನ ಬಟ್ಟೆ ಇರಲಿಲ್ಲ, ಮಂಚದ ಕೆಳಗೆ ಬ್ಯಾಗೂ ಇರಲಿಲ್ಲ. ಬೇರೆ ಊರಲ್ಲಿ ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದನಂತೆ, ಮದುವೆಯಾದನಂತೆ, ಎಂದು ಎಲ್ಲ ಸುದ್ದಿಯೂ ಆಮೇಲೆ ಅಂತೆಕಂತೆಯಾಗಿಯೇ ಬಂತು. ಯಾಕೆ ಹೋದ ಎಂಬುದೊಂದು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಹಿಂದಿನ ದಿನ ವೈರು ಸುಟ್ಟಿದ್ದಕ್ಕೆ ಫ್ಯೂಸಣ್ಣ ಅವನಿಗೆ ಬಾಯಿಗೆ ಬಂದಂತೆ ಬೈದಿದ್ದ. ಅದಕ್ಕೇ ಹೋದ, ನಾನೇ ಓಡಿಸಿಬಿಟ್ಟೆ ಎಂದು ತಾನೇ ತೀರ್ಪು ಕೊಟ್ಟುಕೊಂಡ. ಅಲ್ಲಿಂದ ಮುಂದೆ ಅವನು ಯಾರ ಮೇಲೂ ದನಿ ಎತ್ತಲಿಲ್ಲ. ಊರಿನವರು ಹೆಸರನ್ನು ಮಾತ್ರ ಬದಲಾಯಿಸಲಿಲ್ಲ. ಎರಡು ತಟ್ಟೆಯ ಮನೆಯಲ್ಲಿ ಒಂದೇ ತಟ್ಟೆ ತೊಳೆಯುತ್ತ ವರ್ಷಗಳು ಕಳೆದವು.

ಹೀಗಿರುವಾಗ ಒಂದು ಬೆಳಿಗ್ಗೆ ಹಿಂದಿನ ಕೆಂಪು ದೀಪ ಎರಡೂ ಉರಿಯುತ್ತಿದ್ದ ಕಾರೊಂದು ಅಂಗಡಿ ಮುಂದೆ ಬಂದು ನಿಂತಿತು. ಎಂಜಿನ್ ಆರಿಸಿದರೂ ದೀಪ ಆರಲಿಲ್ಲ. ಓಡಿಸಿಕೊಂಡು ಬಂದ ಹೆಂಗಸು ಇಳಿದು, "ಬ್ರೇಕಿಂದ ಕಾಲು ತೆಗೆದ್ರೂ ಇದು ಆರ್ತಾನೇ ಇಲ್ಲ. ಹಿಂದೆ ಬರೋರೆಲ್ಲ ಹಾರ್ನ್ ಹೊಡೀತಾರೆ. ನಿನ್ನೆ ಬ್ಯಾಟ್ರಿ ಬೇರೆ ಇಳಿದು ಹೋಗಿತ್ತು" ಅಂದಳು. ಸ್ವಲ್ಪ ತಡೆದು, "ಭಾವ, ನಾನು ನಿಮ್ಮ ತಮ್ಮನ ಹೆಂಡ್ತಿ. ಕೆಲಸದ ಮೇಲೆ ಈ ಊರಿಗೆ ಬಂದೆ. ಬೇರೆ ಅಂಗಡಿಗೂ ಹೋಗ್ಬಹುದಿತ್ತು, ನಿಮ್ಮನ್ನ ಒಂದ್ಸಲ ನೋಡ್ಬೇಕು ಅನ್ನಿಸ್ತು" ಎಂದಳು.

"ಹಿಂದೆ ನಿಂತು ದೀಪ ನೋಡ್ತಿರಮ್ಮ" ಎಂದವನೇ ಫ್ಯೂಸಣ್ಣ ಸ್ಟೇರಿಂಗ್ ಕೆಳಗೆ ತಲೆ ತೂರಿಸಿದ. ಮುಖ ಮುಚ್ಚಿಕೊಳ್ಳುವುದಕ್ಕೆ ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಪೆಡಲಿನ ಮೇಲಿರುವ ಸ್ವಿಚ್ಚಿನ ವೈರು ಕಿತ್ತ. "ಆರ್ತು ಭಾವ" ಎಂದಳು. ಅಂದರೆ ವೈರಿನಲ್ಲಿ ದೋಷವಿಲ್ಲ. ವೈರು ಮತ್ತೆ ಸಿಕ್ಕಿಸಿ ಸ್ವಿಚ್ಚಿನ ಗುಂಡಿಯನ್ನು ಬೆರಳಿನಿಂದ ಅದುಮಿದ. ಈಗಲೂ ಆರಿತು. ಸ್ವಿಚ್ಚೂ ಚೆನ್ನಾಗಿದೆ. ಹಾಗಾದರೆ ಇನ್ನೇನು ಎಂದು ಮ್ಯಾಟಿನ ಮೇಲೆ ಕೈಯಾಡಿಸಿದಾಗ ಬಿಸ್ಕತ್ತಿನ ಪುಡಿಯಂತೆ ಪ್ಲಾಸ್ಟಿಕ್ ಚೂರುಗಳು ಸಿಕ್ಕವು. ಪೆಡಲಿನ ತಗಡಿನಲ್ಲಿ ಒಂದು ತೂತು ಇರುತ್ತದೆ, ಅದಕ್ಕೊಂದು ಬಿರಡೆ. ಕಾಲು ತೆಗೆದಾಗ ಪೆಡಲು ಮೇಲೆ ಬಂದು, ಆ ಬಿರಡೆ ಗುಂಡಿಯನ್ನು ಅದುಮಿದರೆ ದೀಪ ಆರುತ್ತದೆ. ಹಳೆಯ ಬಿರಡೆ ಪುಡಿಯಾಗಿ ಉದುರಿತ್ತು, ಗುಂಡಿ ಖಾಲಿ ತೂತಿನೊಳಗೆ ನುಗ್ಗಿತ್ತು. ಕಾಲಿಟ್ಟವರು ಇನ್ನೂ ಕಾಲು ತೆಗೆದೇ ಇಲ್ಲ ಎಂದು ದೀಪ ನಂಬಿ ಕೂತಿತ್ತು.

ಡಬ್ಬಿಯಿಂದ ಹೊಸ ರಬ್ಬರ್ ಬಿರಡೆ ಹುಡುಕಿ ಕೂರಿಸಿ, ಅವಳನ್ನು ಒಳಗೆ ಕೂರಿಸಿ, ಫ್ಯೂಸಣ್ಣ ಹಿಂದೆ ಹೋಗಿ ನಿಂತ.

"ಒತ್ತಮ್ಮ. ಹಾಂ, ಬಂತು. ಬಿಡು."

ದೀಪ ಆರಿತು. ಒಳಗಿನಿಂದ ಅವಳು ನಕ್ಕಳು. "ಅವರನ್ನ ಮನೆ ಬಿಡ್ಸಿದ್ದು ಇದೇ ಮಾತಲ್ವಾ ಭಾವ?"

"ಯಾವ ಮಾತು?"

"ಅವತ್ತು ಹೀಗೇ ಸೀಟಲ್ಲಿ ಕೂತು ಕೇಳಿದ್ರಂತೆ. 'ಅಣ್ಣ, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಇಲ್ಲೇ ಇರ್ಲಾ, ಅಂಗಡಿ ಬಿಡ್ಲಾ' ಅಂತ. ನೀವು 'ಬಿಡು' ಅಂದ್ರಂತೆ. ನಿಜವಾಗ್ಲೂ ಬಿಡ್ಲಾ ಅಂತ ಇನ್ನೊಂದ್ಸಲ ಕೇಳಿದ್ದಕ್ಕೆ, 'ಬಿಡು ಅಂದ್ನಲ್ಲ, ಎಷ್ಟ್ಸಲ ಹೇಳ್ಬೇಕು' ಅಂತ ರೇಗಿದ್ರಂತೆ."

ಫ್ಯೂಸಣ್ಣ ಡಿಕ್ಕಿಯ ಮೇಲೆ ಕೈಯೂರಿ ನಿಂತ. ಆಮೇಲೆ ನಗತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಯ್ಯೋ, ನಾನು ಪೆಡಲಿಗೆ ಹೇಳಿದ್ದಮ್ಮ. ದೀಪ ಆರ್ಲಿಲ್ಲ ಅಂತ ರೇಗಿದ್ದು. ಅವನು ಕೇಳಿದ್ದು ನನ್ ಕಿವಿಗೇ ಬಿದ್ದಿಲ್ಲ." ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೈದದ್ದಕ್ಕಲ್ಲ, ಅಣ್ಣ ಬೇಡವಾಗಿಯೂ ಅಲ್ಲ, ಬರಿಯ ಒಂದು ಮಾತಿನ ಎಡವಟ್ಟು. ಸರಿಪಡಿಸಲಾರದ ದೋಷವೇನಲ್ಲ. ಇಷ್ಟು ವರ್ಷಗಳಲ್ಲಿ ಅವನು ಇಷ್ಟು ಸಂತೋಷಪಟ್ಟದ್ದಿಲ್ಲ. "ಅವನಿಗೆ ಫೋನ್ ಮಾಡಿ ಕೊಡಮ್ಮ" ಅಂದ.

"ಏನೇ, ಕಾರು ಸರಿ ಹೋಯ್ತಾ?" ಎಂದಿತು ತಮ್ಮನ ದನಿ.

"ನಾನು ಕಣೋ," ಎಂದ ಫ್ಯೂಸಣ್ಣ. "ಅವತ್ತು ನಾನು ಬಿಡು ಅಂದಿದ್ದು ಪೆಡಲಿಗೆ ಕಣೋ. ನಿನ್ ಮಾತು ನಂಗೆ ಕೇಳಿಸ್ಲೇ ಇಲ್ಲ."

ಫೋನು ಕಟ್ಟಾಯಿತೇನೋ ಎಂದು ಫ್ಯೂಸಣ್ಣ ಕಿವಿಯಿಂದ ತೆಗೆದು ನೋಡಿ, ಮತ್ತೆ ಹಿಡಿದ.

"ಗೊತ್ತಿತ್ತಣ್ಣ," ಎಂದ ತಮ್ಮ. "ಆಗ್ಲೇ ಗೊತ್ತಿತ್ತು. ಟೈರ್ ಅಂಗಡಿ ಕಂಪ್ರೆಸರ್ ಸದ್ದು ಶುರುವಾಗೋ ತನಕ ಕಾದು ಕೇಳ್ದೆ. ನಿನ್ ಮುಖ ನೋಡಿ ಕೇಳೋಕೆ ಧೈರ್ಯ ಬರ್ಲಿಲ್ಲ."

"ಬೈದೆ ಅಂತ ಹೋದ್ಯಾ?"

"ಇಲ್ಲಣ್ಣ. ಅದಕ್ಕಲ್ಲ. ನಂಗೆ ಹೋಗ್ಬೇಕಿತ್ತು, ಅಷ್ಟೆ."

ಬೈದದ್ದಕ್ಕೆ ಹೋಗಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ತಪ್ಪು ತಿಳಿದು ಹೋಗಿದ್ದರೆ ವಾಪಸ್ ಬಾರೋ ಎನ್ನಬಹುದಿತ್ತು. ಹೋಗಬೇಕೆನಿಸಿ ಹೋದವನಿಗೆ ಹೇಳುವಂಥದ್ದು ಫ್ಯೂಸಣ್ಣನ ಬಳಿ ಏನೂ ಇರಲಿಲ್ಲ. "ಊಟ ಆಯ್ತಾ ಅಣ್ಣ?" ಎಂದು ತಮ್ಮ ಕೇಳಿದ. ಆಗಿರಲಿಲ್ಲ. ಆಯ್ತು ಎಂದು ಹೇಳಿ ಫೋನನ್ನು ಅವಳ ಕೈಗೆ ಕೊಟ್ಟ.

ಅವಳು ಭಾವನ ಮುಖ ನೋಡಿ, ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ಹೊರಡುವ ಹೊತ್ತಾಗಿತ್ತು.

"ಇನ್ನೊಂದ್ಸಲ ಒತ್ತಮ್ಮ, ನೋಡ್ಬಿಡ್ತೀನಿ" ಎಂದು ಫ್ಯೂಸಣ್ಣ ಕಾರಿನ ಹಿಂದಕ್ಕೆ ಹೋದ. ದೀಪ ಸರಿಯಾಗಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಕೂತು ಒತ್ತಿದಳು. ಎರಡೂ ದೀಪ ಹತ್ತಿದವು. ಹಿಂದಿನಿಂದ 'ಬಿಡು' ಎಂಬ ಮಾತು ಮಾತ್ರ ಬರಲಿಲ್ಲ.

"ಭಾವ, ಕಾಲು ತೆಗೀಲಾ?"

"ಸ್ವಲ್ಪ ಹೊತ್ತು ಇರ್ಲಿ ಕಣಮ್ಮ" ಎಂದ.