ನೀರಿಗೆ ಕೈ ಇಡು

ಅವರ ಎರಡೂ ಕಾಲುಗಳ ಮುಂಭಾಗ, ಮಂಡಿಯಿಂದ ಪಾದದವರೆಗೆ, ಹಳೇ ತೇಗದ ಹಲಗೆಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಲಿಂಗರಾಜಪುರದ ಅದೆಷ್ಟೋ ಕೂಸುಗಳು ಎಣ್ಣೆ ಮೆತ್ತಿಕೊಂಡು ಅಲ್ಲಿ ಮಲಗಿ, ಒದ್ದಾಡಿ, ಅಷ್ಟು ನುಣುಪು ಮಾಡಿದ್ದವು. ಮುಖದ ತುಂಬ ಸುಕ್ಕಿದ್ದರೂ ಕಾಲಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಬೀದಿಗೆಲ್ಲ ಅವರು ನೀರಜ್ಜಿ. ಹುಟ್ಟಿದ ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಅವರ ಕೆಲಸ. ನಾನು ಅಕ್ಕ ಅನ್ನುತ್ತಿದ್ದೆ. ನನ್ನ ಮಗನಿಗೂ ಅವರೇ ನೀರು ಹಾಕಿದ್ದರು. ಹೋದ ವರ್ಷ ಅವನಿಗೆ ಹೆಣ್ಣುಮಗು ಹುಟ್ಟಿದಾಗಲೂ ಅವರನ್ನೇ ಕರೆದೆ. ಸೊಸೆಗೆ ತಾಯಿ ಇಲ್ಲ, ನನ್ನ ಹೆಂಡತಿಯೂ ಮೊಮ್ಮಗಳನ್ನು ನೋಡಲು ಉಳಿಯಲಿಲ್ಲ, ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಆ ಸಂತೋಷವನ್ನು ಬರೆಯುವಷ್ಟು ನಾನು ಓದಿದವನಲ್ಲ. ಬಸ್ಸಿನಲ್ಲಿ ಪಕ್ಕ ಕೂತವನಿಗೆ ಹೇಳಿದೆ, ಅವನು ಇಳಿದ ಮೇಲೆ ಬಂದು ಕೂತವನಿಗೂ ಹೇಳಿದೆ.

ಅಕ್ಕ ಬಂದವರೇ ಮೊದಲು ಬಚ್ಚಲಿನ ನೆಲಕ್ಕೆ ಬಿಸಿನೀರು ಚೆಲ್ಲಿ ಚಳಿ ಬಿಡಿಸುತ್ತಿದ್ದರು. ಆಮೇಲೆ ಮಣೆಯ ಮೇಲೆ ಕೂತು, ಸೀರೆ ಮಂಡಿಗೆ ಎತ್ತಿ ಕಟ್ಟಿ, ಕಾಲು ನೀಡಿ, ಮಗುವನ್ನು ಬೋರಲು ಮಲಗಿಸಿಕೊಳ್ಳುತ್ತಿದ್ದರು. ಕತ್ತಿನ ಮಡಿಕೆ, ಕಂಕುಳು, ತೊಡೆಯ ಸಂದು, ಒಂದನ್ನೂ ಬಿಡುತ್ತಿರಲಿಲ್ಲ. "ಕುಡಿದ ಹಾಲು ಅರ್ಧ ಹೊಟ್ಟೆಗೆ, ಅರ್ಧ ಕತ್ತಿನ ಸಂದಿಗೆ" ಅನ್ನುತ್ತ ಕಡಲೆಹಿಟ್ಟಿನಲ್ಲಿ ತಿಕ್ಕುತ್ತಿದ್ದರು. ನೀರು ಮೊದಲು ಪಾದಕ್ಕೆ, ತಲೆಗೆ ಕೊನೆಯಲ್ಲಿ, ಅದೂ ಹಣೆಗೆ ಅಡ್ಡ ಕೈ ಕಟ್ಟೆ ಕಟ್ಟಿ. ಮಗು ಕಿರುಚಿದರೆ, "ಏನಮ್ಮಾ ಗಂಟಲು ನಿಂದು, ಎಲೆಕ್ಷನ್‌ಗೆ ನಿಲ್ಸೋಣ್ವಾ? ನಿಮ್ಮಪ್ಪ ಇದೇ ಕಾಲ್ಮೇಲೆ ಉಚ್ಚೆ ಹುಯ್ದೋನು, ಈಗ ನಂಗೇ ಹುಷಾರು ಅಂತಾನೆ" ಅನ್ನುತ್ತಿದ್ದರು.

ನೀರು ಹಾಕುವ ಮೊದಲು ದಿನವೂ ನನ್ನನ್ನು ಕೂಗುತ್ತಿದ್ದರು. "ತಾತಾ, ಬಾರಪ್ಪ, ನೀರಿಗೆ ಕೈ ಇಡು. ಮೊದಲನೇ ಮೊಮ್ಮಗು, ತಾತನ ಕೈ ಬೀಳ್ಬೇಕು." ನಾನು ಬಕೆಟ್ಟಿಗೆ ಕೈ ಅದ್ದಿ, "ಹದವಾಗಿದೆ ಅಕ್ಕ" ಅಂದರೆ ಸರಿ. ಕೆಲವು ಸಲ, "ಸ್ವಲ್ಪ ತಣ್ಣೀರು ಬೇಕು" ಅನ್ನುತ್ತಿದ್ದೆ, ತಕ್ಷಣ ಬೆರೆಸುತ್ತಿದ್ದರು. ಮೂವತ್ತು ವರ್ಷ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಟೀ ಕಾಯಿಸಿದವನನ್ನು ಯಾರೂ ಯಾವ ಶಾಸ್ತ್ರಕ್ಕೂ ಹೀಗೆ ಕರೆದಿರಲಿಲ್ಲ. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ಬೆಳಿಗ್ಗೆ ಸೊಸೆಗೆ ಸಬ್ಬಸಿಗೆ ಸೊಪ್ಪು ತರಲು ರಸೆಲ್ ಮಾರುಕಟ್ಟೆಗೆ ಹೋದವನು ಮಾತಿಗೆ ನಿಂತು ತಡಮಾಡಿದೆ. ಮನೆಗೆ ಬಂದಾಗ ಮಗುವಿನ ಅಳು ಗೇಟಿನವರೆಗೆ ಕೇಳುತ್ತಿತ್ತು.

"ನೋಡಿ ಮಾವ, ಎಣ್ಣೆ ಹಚ್ಚಿ ಅರ್ಧ ಗಂಟೆ ಆಯ್ತು. ನೀವು ಬರ್ದೆ ನೀರು ಹಾಕಲ್ವಂತೆ. ಮಗೂಗೆ ಶೀತ ಆದ್ರೆ ಯಾರು ನೋಡ್ತಾರೆ?" ಸೊಸೆಗೆ ಅಳುವೇ ಬಂದಿತ್ತು.

ಅಕ್ಕ ಮಗುವನ್ನು ಸೆರಗಿನಿಂದ ಮುಚ್ಚಿಕೊಂಡು ಕೂತಿದ್ದರು. ನಾನು ಬಕೆಟ್ಟಿಗೆ ಕೈ ಅದ್ದಿ ಥಟ್ಟನೆ ಎಳೆದುಕೊಂಡೆ. ಗೀಸರ್ ಯಾರೂ ಆರಿಸಿರಲಿಲ್ಲ, ನೀರು ಕೊತಕೊತ ಅನ್ನುವಷ್ಟು ಬಿಸಿಯಿತ್ತು. ಅಕ್ಕ ನೀರನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಆಗ ಅವರ ಬಲಗೈ ಕಂಡಿತು. ಬೆರೆಸಲು ಅದ್ದಿದ ಕೈ ಮಣಿಕಟ್ಟಿನವರೆಗೆ ಕೆಂಪಗೆ ಬೆಂದಿತ್ತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ.

ನಾನು ನಾಲ್ಕು ಚೊಂಬು ತಣ್ಣೀರು ಬೆರೆಸಿ, "ಈಗ ಹದ" ಅಂದೆ. ಸ್ನಾನ ಮುಗಿಯಿತು. ಸಾಂಬ್ರಾಣಿ ಹೊಗೆಯಲ್ಲಿ ಮಗು ನಿದ್ದೆಹೋಯಿತು.

ಗೇಟಿನ ಹತ್ತಿರ ಅಕ್ಕನೇ ಬಾಯಿಬಿಟ್ಟರು. "ಶುಗರ್ ಕಣಪ್ಪ. ಎರಡು ವರ್ಷ ಆಯ್ತು, ಬಿಸಿ ತಣ್ಣಗೆ ಒಂದೂ ತಿಳಿಯಲ್ಲ. ಬೇರೆ ಮನೆಯೆಲ್ಲ ಬಿಟ್ಟೆ. ಇಲ್ಲಿ ನಿನ್ನ ಕೈ ಇತ್ತಲ್ಲ, ಅದಕ್ಕೆ ಬಂದೆ. ಶಾಸ್ತ್ರ ಗೀಸ್ತ್ರ ಏನೂ ಇಲ್ಲ. ಸುಳ್ಳು ಹೇಳಿದೆ. ಸೊಸೇಗೆ ಹೇಳಿ ನನ್ನ ಬಿಡಿಸ್ಬಿಡು."

ನನಗೆ ಕೋಪವೂ ಬರಲಿಲ್ಲ, ಏನೂ ಬರಲಿಲ್ಲ. ಬೆಂದ ಆ ಕೈಯನ್ನೇ ನೋಡುತ್ತ ನಿಂತೆ. ಮಗುವಿನ ಮೈ ನೆನಪಾಯಿತು. ಇವರನ್ನು ಬಿಡಿಸಿದರೆ ಇವರಿಗೆ ಹೋಗಲು ಇನ್ನೊಂದು ಮನೆಯಿಲ್ಲ ಅನ್ನುವುದೂ ನೆನಪಾಯಿತು. ಕೊನೆಗೆ ಅಂದೆ: "ನಾಳೆಯಿಂದ ಮಣೆ ಮೇಲೆ ನಾನು ಕೂರ್ತೀನಿ. ನೀವು ಪಕ್ಕದಲ್ಲಿ ಕೂತು ಹೇಳ್ಕೊಡಿ."

"ಗಂಡಸು ಕೂರ್ತಾರೇನೋ ಮಣೇ ಮೇಲೆ?"

"ಮಗೂಗೆ ಅದೆಲ್ಲ ಗೊತ್ತಾಗಲ್ಲ ಬನ್ನಿ."

ಸೊಸೆಗೆ ಅವತ್ತೇ ಎಲ್ಲ ಹೇಳಿದೆ. ಮಗು ಅವಳದು, ಮುಚ್ಚಿಡುವುದು ಸರಿಯಲ್ಲ. ಅವಳು ಒಳಗೆ ಹೋಗಿ ಸುಟ್ಟಗಾಯದ ಮುಲಾಮು ತಂದು ನನ್ನ ಕೈಗೆ ಕೊಟ್ಟಳು. "ಅಜ್ಜಿ ಮನೆಗೆ ಕೊಟ್ಬನ್ನಿ ಮಾವ. ನಾಳೆ ಬರ್ಲಿ."

ಮರುದಿನ ಲುಂಗಿ ಎತ್ತಿ ಕಟ್ಟಿ ನಾನು ಕಾಲು ನೀಡಿದೆ. ಅಕ್ಕ ಸ್ಟೂಲಿನ ಮೇಲೆ ಕೂತು ಬೈದರು. "ಏನೋ ಅದು, ಪಾತ್ರೆ ತೊಳೀತಿದ್ದೀಯಾ? ಸುರಿಯೋದು ಮಳೆ ಕೆಲಸ. ನೀನು ಹಾಕು, ಮೆಲ್ಲಗೆ." "ಕಾಲಲ್ಲಿ ಕರಡಿ ಕೂದಲು ಇಟ್ಕೊಂಡು ಮಗೂನ ಮಲಗಿಸ್ತಾನೆ." ಕೊನೆಯ ಚೊಂಬು ಮಾತ್ರ ಅವರದು. ನಾನು ಬೆರೆಸಿ ಕೊಟ್ಟ ನೀರನ್ನು ಮಗುವಿಗೆ ಮೂರು ಸಲ ನಿವಾಳಿಸಿ, "ನೀರು ಇಳಿದ ಹಾಗೆ ದೃಷ್ಟಿ ಇಳೀಲಿ" ಅಂದು ಪಕ್ಕಕ್ಕೆ ಚೆಲ್ಲುತ್ತಿದ್ದರು.

ಮಗುವಿಗೆ ಎಂಟು ತಿಂಗಳು ತುಂಬಿದ ವಾರ ಅಕ್ಕ ಎರಡು ದಿನ ಬರಲಿಲ್ಲ. ಜ್ವರ ಅಂದಿದ್ದರು. ಮೂರನೆಯ ದಿನ ಬೆಳಿಗ್ಗೆ ಮೊಮ್ಮಗಳು ನನ್ನ ಕಾಲ ಮೇಲೆ ಎಣ್ಣೆಯಲ್ಲಿ ಜಾರುತ್ತ ನಗುತ್ತಿದ್ದಾಗ ಸೊಸೆ ಫೋನ್ ಹಿಡಿದು ಬಚ್ಚಲ ಬಾಗಿಲಿಗೆ ಬಂದಳು. "ಮಾವ, ನೀರಜ್ಜಿ ಹೋಗ್ಬಿಟ್ರಂತೆ. ಬೆಳಗಿನ ಜಾವ."

ಎಣ್ಣೆ ಹಚ್ಚಿದ ಮಗುವನ್ನು ಬಿಟ್ಟು ಏಳುವಂತಿಲ್ಲ. ನಾನು ಬಿಸಿನೀರಿಗೆ ತಣ್ಣೀರು ಬೆರೆಸಿ ಕೈ ಅದ್ದಿದೆ. ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ತೆಗೆದು ಮತ್ತೆ ಅದ್ದಿದೆ. ಮತ್ತೂ ತಿಳಿಯಲಿಲ್ಲ.

"ಬಾಮ್ಮ," ಅಂದೆ, "ನೀರಿಗೆ ಕೈ ಇಡು."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಬಳೆ ಮೇಲೆ ಸರಿಸಿ ಕೈ ಅದ್ದಿದಳು. "ಹದವಾಗಿದೆ ಮಾವ, ಹಾಕಿ."

ಮೊದಲು ಪಾದಕ್ಕೆ ಹಾಕಿದೆ.