ಹೂಲಿಯಲ್ಲಿ ಸಿಟ್ಟಿಗೆದ್ದ ಜರಿಗಿಡ

ಹೂಲಿಯ ಹಳೆಯ ಗುಡಿಯೊಂದರ ಹಿಂಗೋಡೆಗೆ ಬಿಸಿಲು ಬಡಿಯುತ್ತಿತ್ತು. ಮಯೂರಶಿಖಿ ಎಂಬ ಗೇಣುದ್ದದ ಜರಿಗಿಡ ಹುಡುಕಲು ಸವದತ್ತಿಯಿಂದ ಬೆಳಗಿನ ಬಸ್ಸಿಗೆ ಬಂದವರು ನಾನು ಮತ್ತು ಹೋದ ವರ್ಷ ನಮ್ಮ ಕಾಲೇಜಿಗೆ ಅಧ್ಯಾಪಕಿಯಾಗಿ ಸೇರಿದ ಸುನಂದಾ. ಹದಿನೈದು ವರ್ಷ ಈ ಗಿಡವನ್ನು ಪಾಠ ಮಾಡಿದವನು ನಾನು, ಅದೂ ಹಾಳೆಗೆ ಅಂಟಿಸಿದ ಮಾದರಿ ತೋರಿಸಿ. ಬೀಸಣಿಗೆಯಂತೆ ಹರಡಿದ ಅದರ ಎಲೆ ಕಣ್ಣು ಮುಚ್ಚಿದರೂ ನನಗೆ ಕಾಣುತ್ತದೆ.

ಕಲ್ಲಿನ ಸಂದಿಯಲ್ಲಿ ಮುದುಡಿದ್ದ ಕಂದು ಎಳೆಗಳನ್ನು ಸುನಂದಾ ತೋರಿಸಿದಳು.

"ಒಣಾ ಹುಲ್ಲದು, ನಡೀರಿ" ಎಂದೆ.

ಆಕೆ ಕದಲಲಿಲ್ಲ. ಅಲ್ಲೇ ಆಡು ಕಾಯುತ್ತಿದ್ದ ಬಸವ್ವನನ್ನು ಕೇಳಿದಳು.

"ಹುಲ್ಲಲ್ರಿ ಅದು, ನವಿಲ ಜುಟ್ಟ. ಸತ್ತೂ ಇಲ್ಲ. ನೀರಿಲ್ಲಂತ ಸಿಟ್ಟಿಗೆದ್ದು ಮುಷ್ಟಿ ಕಟ್ಟಿ ಕುಂತೈತಿ. ಒಂದೀಟು ನೀರ ಹಾಕಿ ನೋಡ್ರಿ."

ಸುನಂದಾ ಕುಡಿಯುವ ನೀರಿನ ಬಾಟಲಿಯನ್ನೇ ಅದಕ್ಕೆ ಬಗ್ಗಿಸಿದಳು. ಮೂವರೂ ನೆರಳಿಗೆ ಕುಳಿತು ರೊಟ್ಟಿ ಬಿಚ್ಚಿದೆವು. ಆ ಗಿಡ ಮಾತ್ರ ಬಿಚ್ಚದಿರಲಿ ಎಂದು ಗುಡಿಯೊಳಗಿನ ದೇವರನ್ನು ನಾನು ಬೇಡಿಕೊಂಡದ್ದು ನಿಜ. ಉಂಡು ಏಳುವಷ್ಟರಲ್ಲಿ ಪುಟ್ಟ ಬೀಸಣಿಗೆಗಳು ಅರ್ಧ ತೆರೆದಿದ್ದವು. ನನ್ನ ಹಾಳೆಯ ಮೇಲೆ ಆ ಹಸಿರು ಎಂದೂ ಇರಲಿಲ್ಲ.

"ಗಿಡ ಕಂಡವರು ಅಂತ ನಿಮ್ಮ ಹೆಸರೂ ಬರೀಲೇನ್ರಿ, ಸರ್?" ಸುನಂದಾ ನೋಟ್‌ಬುಕ್ಕು ತೆಗೆದಳು.

"ಬ್ಯಾಡ. ಕಂಡವರು ನೀವು" ಎಂದು ಮುಖ ತಿರುಗಿಸಿದೆ.

ಬಸವ್ವ ನನ್ನನ್ನೇ ನೋಡುತ್ತಿದ್ದಳು. "ಅಕ್ಕಾರ, ಬಾಟ್ಲಿ ತಳದಾಗ ಏನರ ಉಳಿದಿದ್ರ, ಈ ಸಾಹೇಬ್ರಿಗೂ ಒಂದೀಟು ಹಾಕ್ರಿ."